ಅನ್ಯಗ್ರಹದ ಪರಾವಲಂಬಿ ಹರಡುವುದು ಹೇಗೆ? ವಿಜ್ಞಾನ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಅನ್ಯಗ್ರಹದ ಪರಾವಲಂಬಿ ಜೀವಿ ಅಂದ ಕೂಡಲೇ ಹೆಚ್ಚಿನವರು ಮೊದಲು ಅದರ ಬಾಯಿಯನ್ನು ಬರೆಯುತ್ತಾರೆ. ಎಷ್ಟು ಹಲ್ಲು, ಎಷ್ಟು ಕಾಲು, ಯಾವ ಬಣ್ಣದ ಲೋಳೆ. ಮೂರನೇ ಅಧ್ಯಾಯಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಇದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? ಉತ್ತರ ಹೊಳೆಯದೆ "ಗಾಳಿಯಲ್ಲಿ ಹರಡಿತು" ಅಂತ ಒಂದು ಸಾಲು ಹಾಕಿ ಮುಂದೆ ಹೋಗುತ್ತಾರೆ. ಓದುಗರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಇಲ್ಲಿ ಕೆಲಸವನ್ನು ತಿರುಗಿಸಿ ಮಾಡೋಣ. ಮೊದಲು ಅದು ಓಡಾಡುವ ದಾರಿ, ಹಲ್ಲು ಮತ್ತು ಲೋಳೆ ಆಮೇಲೆ. ಜೊತೆಗೇ ಒಂದು ಜೀವಿಯನ್ನು ಕಟ್ಟುತ್ತಾ ಹೋಗೋಣ. ಹೆಸರು ನೂಲಿ. ಅದು ಇರುವ ಗ್ರಹದಲ್ಲಿ ಹಗಲು 50 ಗಂಟೆ, ರಾತ್ರಿ 50 ಗಂಟೆ. ನೂಲಿ, ಅದರ ಗ್ರಹ, ಅಲ್ಲಿನ ಪ್ರಾಣಿಗಳು ಎಲ್ಲ ಕಲ್ಪನೆ. ನಡುವೆ ಬರುವ ಭೂಮಿಯ ಹುಳುಗಳು, ರೋಗಗಳು ಮಾತ್ರ ನಿಜ.

ಹೆಜ್ಜೆ 1: ಮನುಷ್ಯನನ್ನು ಪಕ್ಕಕ್ಕಿಡಿ

ಆ ಗ್ರಹಕ್ಕೆ ಮನುಷ್ಯ ಹೋಗಿ ಎಷ್ಟು ವರ್ಷ ಆಗಿರಬಹುದು? ಐವತ್ತು, ನೂರು? ಪರಾವಲಂಬಿ ಮಾತ್ರ ಅಲ್ಲಿ ಕೋಟ್ಯಂತರ ವರ್ಷಗಳಿಂದ ಇದೆ. ಅಂದರೆ ಅದಕ್ಕೆ ಅಲ್ಲಿನದೇ ಒಂದು ಆತಿಥೇಯ ಪ್ರಾಣಿ ಇರಲೇಬೇಕು. ಅದರ ಮೈಯೊಳಗೆ ಬೆಳೆದು, ಮೊಟ್ಟೆ ಇಟ್ಟು, ಮತ್ತೆ ಅದೇ ಜಾತಿಯ ಇನ್ನೊಂದರೊಳಗೆ ಸೇರುವ ಒಂದು ಸುತ್ತು ಮನುಷ್ಯ ಬರುವ ಮೊದಲೇ ನಡೆಯುತ್ತಿರಬೇಕು. ಆ ಸುತ್ತನ್ನು ಮೊದಲು ಬರೆಯಿರಿ.

ನೂಲಿಯ ಆತಿಥೇಯನನ್ನು ಗೂನ ಅಂತ ಕರೆಯೋಣ. ಆರು ಕಾಲು, ಬೆನ್ನ ಮೇಲೆ ನೀರು ತುಂಬಿದ ಡುಬ್ಬ, ಹಿಂಡಿನಲ್ಲಿ ಓಡಾಡುವ ಸಾಧು ಪ್ರಾಣಿ. ಹಗಲಿನ ಸುಡು ಬಿಸಿಲಲ್ಲಿ ಬಂಡೆಯ ನೆರಳಿನಲ್ಲಿ ಬಿದ್ದಿರುತ್ತದೆ. ಮುಸ್ಸಂಜೆಗೆ ಎದ್ದು ಉಪ್ಪು ಬಂಡೆಗಳ ಹತ್ತಿರ ಹೋಗಿ ನೆಕ್ಕುತ್ತದೆ. ಇಷ್ಟು ಸಾಕು. ಗೂನದ ಸಾಮ್ರಾಜ್ಯ, ಭಾಷೆ, ದೇವರು ಯಾವುದೂ ಈಗ ಬೇಡ.

ಹೆಜ್ಜೆ 2: ಮನುಷ್ಯನಿಗೆ ಯಾಕೆ ಅಂಟಬೇಕು ಅಂತ ಕೇಳಿಕೊಳ್ಳಿ

ಹೆಚ್ಚಿನ ಕಥೆಗಳು ಜಾರುವುದು ಇಲ್ಲೇ. ಭೂಮಿಯ ಎಲ್ಲಾ ಜೀವಿಗಳ ಪ್ರೋಟೀನುಗಳೂ ಎಡಗೈ ರೂಪದ ಅಮೈನೋ ಆಮ್ಲಗಳಿಂದ ಆಗಿವೆ. ಅಮೈನೋ ಆಮ್ಲ ಅಂದರೆ ಪ್ರೋಟೀನಿನ ಬಿಡಿ ಇಟ್ಟಿಗೆ; ನಮ್ಮ ಎರಡು ಕೈಗಳಂತೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪ ಅದಕ್ಕೆ ಸಾಧ್ಯ. ಬೇರೆ ಗ್ರಹದ ಜೀವ ಬಲಗೈ ರೂಪವನ್ನು ಹಿಡಿದಿದ್ದರೆ ನಮ್ಮ ಮಾಂಸ ಅದಕ್ಕೆ ಜೀರ್ಣವೇ ಆಗುವುದಿಲ್ಲ. ಕೈ ಒಂದೇ ಆದರೂ ವಿಷಯ ಮುಗಿಯುವುದಿಲ್ಲ. ಭೂಮಿಯ ಮೇಲೇ ಬೇವಿನ ಮರದ ರೋಗ ಎಮ್ಮೆಗೆ ಬರುವುದಿಲ್ಲ, ಅಲ್ವಾ? ಪರಾವಲಂಬಿಗೂ ಆತಿಥೇಯನಿಗೂ ಬಹಳ ಕಾಲದ ಒಡನಾಟ ಬೇಕು.

ಹಾಗಾದರೆ ಕಥೆಯೇ ಇಲ್ಲವಾ? ಇದೆ. ಇದಕ್ಕೆ ಭೂಮಿಯಲ್ಲೇ ಒಳ್ಳೆಯ ಉದಾಹರಣೆ ಸಿಗುತ್ತದೆ. ನಾಯಿ, ಬೆಕ್ಕುಗಳ ಕೊಕ್ಕೆಹುಳುವಿನ ಮರಿಗಳು ತೇವದ ಮರಳಲ್ಲಿ ಕಾಯುತ್ತಿರುತ್ತವೆ. ಬೀಚಿನಲ್ಲಿ ಬರಿಗಾಲಲ್ಲಿ ನಡೆದವರ ಚರ್ಮದೊಳಗೆ ನುಗ್ಗುತ್ತವೆ. ಆದರೆ ಅದು ನಾಯಿಯ ಚರ್ಮವಲ್ಲ. ಕೆಳಗೆ ಇಳಿಯಲು ದಾರಿ ಸಿಗದೆ ಮೇಲ್ಪದರದಲ್ಲೇ ಅಲೆಯುತ್ತವೆ. ಕಾಲಿನ ಮೇಲೆ ಕೆಂಪಗೆ, ಉಬ್ಬಿದ, ಅಂಕುಡೊಂಕಾದ ಗೆರೆ ಮೂಡುತ್ತದೆ. ಆ ಗೆರೆ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋಗುತ್ತದೆ, ತುರಿಕೆಗೆ ನಿದ್ದೆ ಬರುವುದಿಲ್ಲ. ಕೊನೆಗೆ ಹುಳು ಅಲ್ಲೇ ಸಾಯುತ್ತದೆ. ಅದಕ್ಕೆ ಈ ಮನುಷ್ಯನಿಂದ ಕಿಂಚಿತ್ತೂ ಲಾಭವಿಲ್ಲ. ಮನುಷ್ಯನಿಗೆ ಆದ ತೊಂದರೆ ಮಾತ್ರ ನಿಜ.

ನನಗೆ ಈ ದಾರಿ ತುಂಬಾ ಇಷ್ಟ. ಜೀವಿಗೆ ನಮ್ಮ ಮೇಲೆ ದ್ವೇಷವೂ ಇಲ್ಲ, ಹಸಿವೂ ಇಲ್ಲ. ದಾರಿ ತಪ್ಪಿದೆ ಅಷ್ಟೇ. ನೂಲಿಯೂ ಹಾಗೇ ಇರಲಿ. ಮನುಷ್ಯನ ಮಾಂಸ ಅದಕ್ಕೆ ದಕ್ಕುವುದಿಲ್ಲ. ಮೊಟ್ಟೆಯಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವವರೆಗೆ, ಒಂದು 12 ದಿನ, ಅಲೆದು ಸಾಯುತ್ತದೆ.

ಹೆಜ್ಜೆ 3: ಹೊರಬರುವ ಬಾಗಿಲು

ಒಳಗೆ ಹೋಗುವುದನ್ನು ಎಲ್ಲರೂ ಬರೆಯುತ್ತಾರೆ. ಹೊರಗೆ ಬರುವುದೇ ಕಷ್ಟ. ಪರಾವಲಂಬಿಗೆ ಮೈಯಿಂದ ಹೊರಗೆ ಒಂದು ಬಾಗಿಲು ಬೇಕು: ಮಲ, ಮೂತ್ರ, ಕೆಮ್ಮು, ಎಂಜಲು, ರಕ್ತ ಹೀರುವ ಕೀಟ, ಇಲ್ಲವೇ ಚರ್ಮವನ್ನೇ ಒಡೆಯುವುದು. ಯಾವುದನ್ನು ಆರಿಸುತ್ತೀರೋ ಅದೇ ರೋಗದ ಲಕ್ಷಣಗಳನ್ನೂ ಹೇಳಿಕೊಡುತ್ತದೆ.

ರೇಬೀಸ್ ನೋಡಿ. ವೈರಸ್ ಎಂಜಲಿನಲ್ಲಿ ಬರುತ್ತದೆ. ರೋಗ ಬಂದ ನಾಯಿ ಕೆರಳಿ ಕಚ್ಚುತ್ತದೆ. ನುಂಗಲು ಆಗದ ಕಾರಣ ಜೊಲ್ಲು ಬಾಯಲ್ಲೇ ತುಂಬಿರುತ್ತದೆ. ಬಾಗಿಲು, ಲಕ್ಷಣ, ನಡವಳಿಕೆ ಮೂರೂ ಒಂದೇ ಕೆಲಸಕ್ಕೆ ದುಡಿಯುತ್ತಿವೆ.

ಇದಕ್ಕಿಂತ ವಿಚಿತ್ರ ನಾರುಹುಣ್ಣು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಈ ಹೆಸರು ನೆನಪಿರಬಹುದು. ಕುಡಿಯುವ ನೀರಿನ ಜೊತೆ ಸೈಕ್ಲಾಪ್ಸ್ ಅನ್ನುವ ಪುಟ್ಟ ನೀರುಜೀವಿ ಹೊಟ್ಟೆಗೆ ಹೋಗುತ್ತದೆ. ಅದರೊಳಗೆ ಹುಳುವಿನ ಮರಿ ಇರುತ್ತದೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಹೆಣ್ಣು ಹುಳು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಬೆಳೆದು, ಕಾಲಿನ ಕಡೆ ಇಳಿದು, ಚರ್ಮದ ಕೆಳಗೆ ಬೊಕ್ಕೆ ಎಬ್ಬಿಸುತ್ತದೆ. ಬೆಂಕಿ ಇಟ್ಟಂತೆ ಉರಿ. ಉರಿ ತಡೆಯಲಾರದೆ ಮನುಷ್ಯ ಮೆಟ್ಟಿಲು ಬಾವಿಗೆ ಇಳಿದು ಕಾಲು ನೀರಿಗಿಡುತ್ತಾನೆ. ಬೊಕ್ಕೆ ಒಡೆಯುತ್ತದೆ, ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ನೋವು ಇಲ್ಲಿ ಅಡ್ಡ ಪರಿಣಾಮ ಅಲ್ಲವೇ ಅಲ್ಲ, ಹುಳುವಿನ ವಾಹನ.

ನೂಲಿಗೆ ಬಾಗಿಲು ಎಂಜಲು. ಗೂನದ ನಾಲಿಗೆಯ ಕೆಳಗೆ ಮೊಟ್ಟೆ ಇಡುತ್ತದೆ. ಗೂನ ಬಂಡೆ ನೆಕ್ಕಿದಾಗ ಮೊಟ್ಟೆಗಳು ಬಂಡೆಗೆ ಅಂಟುತ್ತವೆ.

ಹೆಜ್ಜೆ 4: ಹೊರಗೆ ಬದುಕುವ ರೂಪ

ಎರಡು ಮೈಗಳ ನಡುವಿನ ಹೊತ್ತು ಪರಾವಲಂಬಿಗೆ ಅತಿ ಅಪಾಯದ ಹೊತ್ತು. ಬಿಸಿಲು, ಒಣಗಾಳಿ, ಇತರ ಜೀವಿಗಳು. ಇದಕ್ಕಾಗಿ ಭೂಮಿಯ ಜೀವಿಗಳು ಮಾಡಿಕೊಂಡ ಏರ್ಪಾಡುಗಳನ್ನು ಧಾರಾಳವಾಗಿ ಕದಿಯಿರಿ. ಜಂತುಹುಳುವಿನ ಮೊಟ್ಟೆಗೆ ಅಂಟಂಟಾದ ಗಟ್ಟಿ ಹೊದಿಕೆ ಇದೆ, ಮಣ್ಣಲ್ಲಿ ವರ್ಷಗಳ ಕಾಲ ಬದುಕಬಲ್ಲದು. ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಸಿಗಡಿ ಪರಾವಲಂಬಿಯಲ್ಲ, ಆದರೂ ಅದರ ಒಣ ಮೊಟ್ಟೆ ನಮಗೆ ಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಕಂದು ಪುಡಿಯಂತೆ ಡಬ್ಬಿಯಲ್ಲಿ ಸಿಗುತ್ತದೆ. ವರ್ಷಗಟ್ಟಲೆ ಹಾಗೇ ಇರುತ್ತದೆ. ಬೆಚ್ಚಗಿನ ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿಗಳು ಈಜಾಡುತ್ತವೆ. ಉಪ್ಪಿನ ಹರಳುಗಳೊಳಗೆ ಸಿಕ್ಕಿಕೊಂಡ ಸಣ್ಣ ಉಪ್ಪುನೀರಿನ ಹನಿಗಳಲ್ಲಿ ಸೂಕ್ಷ್ಮಜೀವಿಗಳು ಬದುಕಿರುವುದೂ ನಿಜವೇ.

ಎರಡನ್ನೂ ಸೇರಿಸಿದರೆ ನೂಲಿಯ ಮೊಟ್ಟೆ ಸಿದ್ಧ. ಗೂನದ ಎಂಜಲು ಬಂಡೆಯ ಮೇಲೆ ಒಣಗುವಾಗ ಉಪ್ಪು ಮತ್ತೆ ಹರಳಾಗುತ್ತದೆ. ಮೊಟ್ಟೆ ಆ ಹರಳಿನೊಳಗೆ ಸೇರಿಕೊಳ್ಳುತ್ತದೆ. ನೋಡಿದರೆ ಬರೀ ಉಪ್ಪು.

ಆದರೆ ಒಂದು ಮಾತು. ಇಂಥ ಶಕ್ತಿ ಕೊಟ್ಟಾಗ ಅದಕ್ಕೊಂದು ಬೆಲೆಯನ್ನೂ ಇಡಿ. ಬೆಂಕಿಗೂ ಸಾಯುವುದಿಲ್ಲ, ಆಮ್ಲಕ್ಕೂ ಸಾಯುವುದಿಲ್ಲ, ನಿರ್ವಾತದಲ್ಲೂ ಹಾರುತ್ತದೆ ಅಂತ ಬರೆದರೆ ಕಥೆಗೆ ಉಸಿರಾಡಲು ಜಾಗವೇ ಇರುವುದಿಲ್ಲ. ನೂಲಿಯ ಮೊಟ್ಟೆ ಒಣಗಿದ್ದಾಗ ಅಜೇಯ. ಒಮ್ಮೆ ಒದ್ದೆಯಾಗಿ ಎದ್ದಿತೋ, ಮತ್ತೆ ಮಲಗಲು ಬರುವುದಿಲ್ಲ.

ಹೆಜ್ಜೆ 5: ಎಚ್ಚರವಾಗುವ ಸೂಚನೆ

ಹೊಸ ಮೈ ಸಿಕ್ಕಿತು ಅಂತ ಮೊಟ್ಟೆಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಣ್ಣಿಲ್ಲ. ಶಾಖ, ತೇವ, ಉಪ್ಪಿನ ಪ್ರಮಾಣ, ಇಂಗಾಲದ ಡೈಆಕ್ಸೈಡ್, ಹುಳಿ ಇಂಥ ಒಂದೆರಡು ಸರಳ ಸೂಚನೆ ಸಾಕು. ಸೂಚನೆ ಎಷ್ಟು ಸರಳವೋ ತಪ್ಪು ಮೈಗೆ ಏಳುವ ಸಾಧ್ಯತೆ ಅಷ್ಟು ಜಾಸ್ತಿ. ಮನುಷ್ಯ ಕಥೆಗೆ ಬರುವುದು ಈ ಸಂದಿನಲ್ಲೇ.

ನೂಲಿಗೆ ಮೂರು ಸೂಚನೆ: ಬೆಚ್ಚಗೆ, ಒದ್ದೆ, ಉಪ್ಪು. ಗೂನದ ಬಾಯಿ ಹಾಗಿದೆ. ಮನುಷ್ಯನ ಬಾಯಿಯೂ ಹಾಗೇ ಇದೆ. ಆ ಗ್ರಹಕ್ಕೆ ಹೋಗಿ ನೆಲೆಸಿದ ಮನುಷ್ಯರ ವಸಾಹತಿನ ಜನ ಅಡುಗೆಗೆ ಅಲ್ಲಿನ ಉಪ್ಪನ್ನೇ ಒಡೆದು ತರುತ್ತಾರೆ. ಕುದಿಸಿದ ಸಾರಿನಲ್ಲಿ ಮೊಟ್ಟೆ ಸಾಯುತ್ತದೆ. ಹೆಚ್ಚಿದ ಹಣ್ಣಿಗೆ ಉದುರಿಸಿಕೊಂಡ ಉಪ್ಪಿನಲ್ಲಿ ಸಾಯುವುದಿಲ್ಲ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನುವ ಗೋಜಲಿಗೆ ಇಷ್ಟು ಸಣ್ಣ ವ್ಯತ್ಯಾಸ ಸಾಕು. ನಿಮ್ಮ ವೈದ್ಯೆ ಅದನ್ನು ಬಿಡಿಸಲು ಎರಡು ಅಧ್ಯಾಯ ತೆಗೆದುಕೊಳ್ಳಬಹುದು.

ಹೆಜ್ಜೆ 6: ಮನಸ್ಸನ್ನು ಹಿಡಿಯಬೇಡಿ, ಅಗತ್ಯವನ್ನು ಬದಲಿಸಿ

ಪರಾವಲಂಬಿ ಮಿದುಳಿಗೆ ಹೋಗಿ ಕುಳಿತು ಮನುಷ್ಯನನ್ನು ಗೊಂಬೆಯಂತೆ ಆಡಿಸುವುದು ತುಂಬಾ ಸವೆದ ದಾರಿ. ಭೂಮಿಯಲ್ಲಿ ನಿಜವಾಗಿ ನಡೆಯುವುದು ಇದಕ್ಕಿಂತ ಸ್ವಾರಸ್ಯವಾಗಿದೆ.

ಇರುವೆಗಳನ್ನು ಹಿಡಿಯುವ ಓಫಿಯೋಕಾರ್ಡಿಸೆಪ್ಸ್ ಶಿಲೀಂಧ್ರವನ್ನು ತೆಗೆದುಕೊಳ್ಳಿ. ಸೋಂಕಾದ ಇರುವೆ ಗೂಡು ಬಿಟ್ಟು, ಗಿಡ ಹತ್ತಿ, ಎಲೆಯ ಕೆಳಗಿನ ನರವನ್ನು ಕಚ್ಚಿ ಹಿಡಿದು ಸಾಯುತ್ತದೆ. ಥಾಯ್ಲೆಂಡಿನ ಕಾಡಿನಲ್ಲಿ ಅಳೆದು ನೋಡಿದಾಗ ಆ ಎಲೆಗಳು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿದ್ದವು. ಸತ್ತ ಇರುವೆಗಳನ್ನು ನೆಲಕ್ಕೋ ಮರದ ಮೇಲಕ್ಕೋ ಸಾಗಿಸಿದಾಗ ಶಿಲೀಂಧ್ರ ಸರಿಯಾಗಿ ಬೆಳೆಯಲಿಲ್ಲ. ಆ ಎತ್ತರದ ತೇವವೇ ಅದಕ್ಕೆ ಬೇಕು. ಇನ್ನೊಂದು ವಿಷಯ 2017ರಲ್ಲಿ ಗೊತ್ತಾಯಿತು. ಶಿಲೀಂಧ್ರದ ಕೋಶಗಳು ಇರುವೆಯ ಸ್ನಾಯುಗಳ ಸುತ್ತ ಬಲೆ ಹೆಣೆದಿದ್ದವು, ಮಿದುಳಿನೊಳಗೆ ಮಾತ್ರ ಹೊಕ್ಕಿರಲಿಲ್ಲ.

ಕುರಿಯ ಯಕೃತ್ತಿನಲ್ಲಿ ಬೆಳೆಯುವ ಒಂದು ಚಪ್ಪಟೆ ಹುಳು ಇರುವೆಯನ್ನು ಇನ್ನೂ ನಾಜೂಕಾಗಿ ಬಳಸಿಕೊಳ್ಳುತ್ತದೆ. ಸಂಜೆ ತಂಪಾದಾಗ ಇರುವೆ ಹುಲ್ಲಿನ ತುದಿಗೆ ಹತ್ತಿ ಕಚ್ಚಿಕೊಂಡು ನಿಲ್ಲುತ್ತದೆ. ಮೇಯುವ ಕುರಿ ಹುಲ್ಲಿನ ಜೊತೆ ಅದನ್ನೂ ತಿಂದರೆ ಹುಳು ಗೆದ್ದಿತು. ಬಿಸಿಲೇರಿದರೆ ಇರುವೆ ಕೆಳಗಿಳಿದು ಎಂದಿನಂತೆ ಕೆಲಸಕ್ಕೆ ಹೋಗುತ್ತದೆ. ಬಿಸಿಲಲ್ಲಿ ಅಲ್ಲೇ ನಿಂತರೆ ಇರುವೆ ಸಾಯುತ್ತದೆ, ಒಳಗಿನ ಹುಳುಗಳೂ ಸಾಯುತ್ತವೆ. ಇರುವೆಯ ತಲೆಗೆ ಹೋಗಿ ಕೂತ ಮರಿ ಮುಂದೆ ಕುರಿಯಲ್ಲಿ ಬೆಳೆಯುವುದಿಲ್ಲ. ಹೊಟ್ಟೆಯಲ್ಲಿ ಕಾದು ಕೂತ ಉಳಿದ ಮರಿಗಳಿಗಾಗಿ ಅದು ಬಲಿ.

ಇವುಗಳಿಂದ ಕಲಿಯಬೇಕಾದ್ದು: ಆಜ್ಞೆ ಬೇಕಿಲ್ಲ, ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಒಂದು ಎಳೆತ ಇದ್ದರೆ ಆಯಿತು. ನೂಲಿ ಗೂನದ ರಕ್ತದಿಂದ ಉಪ್ಪನ್ನು ಹೀರುತ್ತದೆ, ಅಷ್ಟೇ. ಮೈಯಲ್ಲಿ ಉಪ್ಪು ಕಮ್ಮಿಯಾದ ಗೂನ ತಾನಾಗಿಯೇ ಬಂಡೆಗೆ ಹೋಗುತ್ತದೆ, ಜಾಸ್ತಿ ಹೊತ್ತು ನೆಕ್ಕುತ್ತದೆ, ಜಾಸ್ತಿ ಮೊಟ್ಟೆ ಅಂಟಿಸುತ್ತದೆ. ಖನಿಜಾಂಶ ಕಮ್ಮಿಯಾದ ಹಸು ಗೋಡೆ ನೆಕ್ಕುವುದನ್ನು ಕಂಡವರಿಗೆ, ಕೊಟ್ಟಿಗೆಯಲ್ಲಿ ನೆಕ್ಕುವ ಇಟ್ಟಿಗೆ ಕಟ್ಟಿದವರಿಗೆ ಇದು ಒಡನೆ ಅರ್ಥವಾಗುತ್ತದೆ. ಮನುಷ್ಯನಲ್ಲೂ ಅದೇ ಆಗಲಿ. ದಾರಿ ತಪ್ಪಿದ ಮರಿಗಳು ಬೆವರಿನ ಗ್ರಂಥಿಗಳ ಸುತ್ತ ಸೇರುತ್ತವೆ. ಅಲ್ಲಿ ಉಪ್ಪಿದೆ, ಅದಕ್ಕೆ. ರೋಗಿಗೆ ಊಟ ಸಪ್ಪೆ ಅನ್ನಿಸುತ್ತದೆ. ಇನ್ನೊಂದು ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಾನೆ. ಆ ಚಿಟಿಕೆಯಲ್ಲೂ ಮೊಟ್ಟೆ.

ಹೆಜ್ಜೆ 7: ಗಡಿಯಾರ

ಆನೆಕಾಲು ರೋಗದ ಹುಳುವಿನ ಸೂಕ್ಷ್ಮ ಮರಿಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ, ಹೆಚ್ಚಾಗಿ 10ರಿಂದ 2 ಗಂಟೆಯ ನಡುವೆ, ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ನಮ್ಮ ಕಡೆ ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ರಕ್ತ ಪರೀಕ್ಷೆ ಮಾಡುವವರು ರಾತ್ರಿ ಮನೆಗೆ ಬರುತ್ತಿದ್ದುದು ಇದಕ್ಕೇ. ಹಗಲಲ್ಲಿ ಕಚ್ಚುವ ಸೊಳ್ಳೆಗಳಿರುವ ಕೆಲವು ಪೆಸಿಫಿಕ್ ದ್ವೀಪಗಳಲ್ಲಿ ಮರಿಗಳು ಹಗಲಲ್ಲೂ ರಕ್ತದಲ್ಲಿ ಸಿಗುತ್ತವೆ.

ನೂಲಿಯ ಮರಿಗಳು ಮುಸ್ಸಂಜೆಗೆ ಮಾತ್ರ ಚುರುಕಾಗುತ್ತವೆ. ಅಲ್ಲಿ ಮುಸ್ಸಂಜೆ 100 ಗಂಟೆಗೊಮ್ಮೆ. ವಸಾಹತಿನ ಜನ ಮಾತ್ರ 24 ಗಂಟೆಯ ದಿನಚರಿಯನ್ನೇ ಇಟ್ಟುಕೊಂಡಿದ್ದಾರೆ. ಹೀಗಾಗಿ ತುರಿಕೆ ಸೋಮವಾರ ಬೆಳಗ್ಗೆ ಬರುತ್ತದೆ, ಮುಂದಿನದು ಶುಕ್ರವಾರ ಮಧ್ಯಾಹ್ನ, ಆಮೇಲೆ ಮಂಗಳವಾರ ಸಂಜೆ. ಆಸ್ಪತ್ರೆಯ ದಾಖಲೆಯಲ್ಲಿ ಯಾವ ಲಯವೂ ಕಾಣುವುದಿಲ್ಲ. ಯಾರೋ ಒಬ್ಬರು ಕ್ಯಾಲೆಂಡರ್ ಬದಿಗಿಟ್ಟು ಕಿಟಕಿಯ ಹೊರಗೆ ನೋಡಬೇಕು.

ಹೆಜ್ಜೆ 8: ಎಷ್ಟು ಕೊಲ್ಲಬೇಕು?

ಕಮ್ಮಿ. ಬೇಗ ಕೊಲ್ಲುವ ಪರಾವಲಂಬಿ ತನ್ನ ವಾಹನವನ್ನು ತಾನೇ ಕೆಡಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಮೊಲಗಳ ಕಾಟ ತಡೆಯಲು 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ಟರು. ಮೊದಲ ತಳಿ ಸೋಂಕಾದ ಮೊಲಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚನ್ನು ಕೊಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಷ್ಟು ಉಗ್ರವಲ್ಲದ ತಳಿಗಳು ಮೇಲುಗೈ ಪಡೆದವು. ಜಾಸ್ತಿ ದಿನ ಬದುಕಿದ ಮೊಲವನ್ನು ಜಾಸ್ತಿ ಸೊಳ್ಳೆಗಳು ಕಚ್ಚುತ್ತವೆ. ಹಾಗಂತ ಎಲ್ಲಾ ರೋಗವೂ ಕಾಲ ಕಳೆದಂತೆ ಸೌಮ್ಯವಾಗುತ್ತದೆ ಅಂದುಕೊಳ್ಳಬೇಡಿ. ಸಾವು ಹರಡುವಿಕೆಗೆ ಅಡ್ಡಿಯಾದಾಗ ಮಾತ್ರ ಈ ಲೆಕ್ಕ. ಸತ್ತ ಮೈಯಿಂದಲೂ ಹರಡಬಲ್ಲ ಜೀವಿಗೆ ದಯೆ ಬೇಕಿಲ್ಲ. ತಪ್ಪು ಮೈ ಹೊಕ್ಕ ಜೀವಿಗೂ ಅಷ್ಟೇ. ಮನುಷ್ಯ ಸತ್ತರೂ ಉಳಿದರೂ ನೂಲಿಯ ಸಂತತಿಗೆ ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಅದು ಗೂನವನ್ನು ಕಾಪಾಡುತ್ತದೆ, ಮನುಷ್ಯನನ್ನು ಕಾಪಾಡುವುದಿಲ್ಲ.

ಹೆಜ್ಜೆ 9: ಲೆಕ್ಕ ಹಾಕಿ

ಈ ಹೆಜ್ಜೆ ತಪ್ಪಿಸಿಕೊಳ್ಳಲು ಎಲ್ಲರೂ ನೋಡುತ್ತಾರೆ. ಕೂಡಿಸು ಕಳೆಯುವಷ್ಟೇ ಗಣಿತ. ಕೇಳಬೇಕಾದ್ದು ಒಂದೇ: ಒಂದು ತಾಯಿಯ ಜಾಗಕ್ಕೆ ಮುಂದಿನ ತಲೆಮಾರಿನಲ್ಲಿ ಎಷ್ಟು ತಾಯಂದಿರು ಬರುತ್ತಾರೆ? ಒಂದಕ್ಕಿಂತ ಜಾಸ್ತಿ ಇದ್ದರೆ ಹರಡುತ್ತದೆ, ಕಮ್ಮಿ ಇದ್ದರೆ ಅಳಿಯುತ್ತದೆ. ಜಂತುಹುಳುವಿನ ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಅಷ್ಟು ಇಡಬೇಕಾಗಿ ಬಂದಿರುವುದು ಬಹುಪಾಲು ಹಾಳಾಗುವುದರಿಂದ.

ನೂಲಿ ಒಂದು ಮುಸ್ಸಂಜೆಗೆ 5,000 ಮೊಟ್ಟೆ ಇಡುತ್ತದೆ, 40 ಮುಸ್ಸಂಜೆ ಬದುಕುತ್ತದೆ ಅನ್ನಿ. ಒಟ್ಟು 2 ಲಕ್ಷ. ನೂರಕ್ಕೆ ಒಂದು ಇನ್ನೊಂದು ಗೂನದ ಬಾಯಿ ಸೇರಿದರೆ 2,000. ಅದರಲ್ಲಿ ನೂರಕ್ಕೆ ಒಂದು ನೆಲೆ ನಿಂತರೆ 20. ಅರ್ಧ ಹೆಣ್ಣು, 10. ಐದರಲ್ಲಿ ಒಂದು ಮೊಟ್ಟೆ ಇಡುವವರೆಗೆ ಉಳಿದರೆ 2. ಅಂದರೆ ಪ್ರತಿ ತಲೆಮಾರಿಗೆ ದುಪ್ಪಟ್ಟು. ತಲೆಮಾರಿಗೆ 60 ಮುಸ್ಸಂಜೆ ಬೇಕು ಅಂದರೆ 6,000 ಗಂಟೆ, ನಮ್ಮ 250 ದಿನ. ಸಾವಿರ ಪಟ್ಟಾಗಲು ಹತ್ತು ತಲೆಮಾರು, ಹೆಚ್ಚುಕಮ್ಮಿ ಏಳು ವರ್ಷ.

"ಒಂದೇ ವಾರದಲ್ಲಿ ವಸಾಹತು ನಾಶ" ಅಂತ ಬರೆಯಲು ಹೊರಟಿದ್ದರೆ ಇಲ್ಲಿ ನಿಂತುಬಿಡಿ. ಈ ಜೀವಿಯಿಂದ ಅದು ಆಗದು. ಆದರೆ ಇದೇ ಲೆಕ್ಕದಲ್ಲಿ ಕಥೆಯೂ ಇದೆ. ವಸಾಹತಿನವರು ಗೂನಗಳನ್ನು ಹಿಡಿದು ಪಳಗಿಸುತ್ತಾರೆ, ಹೊರೆ ಹೊರಿಸುತ್ತಾರೆ. ಕೊಟ್ಟಿಗೆಯಲ್ಲಿ ಎಲ್ಲಕ್ಕೂ ಒಂದೇ ಉಪ್ಪಿನ ತೊಟ್ಟಿ ಇಡುತ್ತಾರೆ. ಈಗ ನೂರಕ್ಕೆ ಒಂದರ ಬದಲು ಹತ್ತು ಮೊಟ್ಟೆ ಬಾಯಿ ಸೇರುತ್ತವೆ. ಕೊನೆಯಲ್ಲಿ ಉಳಿಯುವುದು 2 ಅಲ್ಲ, 20. ಎರಡೇ ತಲೆಮಾರಿಗೆ 400 ಪಟ್ಟು. ನೂಲಿಯಲ್ಲಿ ಏನೂ ಬದಲಾಗಿಲ್ಲ. ಯಾರೋ ಒಳ್ಳೆಯ ಮನಸ್ಸಿನಿಂದ ಒಂದು ತೊಟ್ಟಿ ಇಟ್ಟರು.

ಹೆಜ್ಜೆ 10: ಯಾರಿಗೆ ಮೊದಲು ಗೊತ್ತಾಗುತ್ತದೆ, ಯಾರನ್ನು ತಡೆಯುತ್ತಾರೆ

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ವೈರಸ್ ಓಡಾಡುವುದು ಉಣುಗು ಮತ್ತು ಕಾಡುಪ್ರಾಣಿಗಳ ನಡುವೆ. ಉಣುಗು ಕಚ್ಚಿ ಮನುಷ್ಯನಿಗೆ ಬರುತ್ತದೆ, ಅಲ್ಲಿಂದ ಇನ್ನೊಬ್ಬ ಮನುಷ್ಯನಿಗೆ ಹೋಗುವುದಿಲ್ಲ. ಕಾಡಲ್ಲಿ ಮಂಗಗಳು ಸತ್ತು ಬಿದ್ದರೆ ಮಲೆನಾಡಿನವರು ಎಚ್ಚರವಾಗುತ್ತಾರೆ. ಆಸ್ಪತ್ರೆಗಿಂತ ಮೊದಲೇ ಸೌದೆ ತರಲು ಹೋದವರಿಗೆ ಸುದ್ದಿ ಗೊತ್ತಿರುತ್ತದೆ. ನಿಮ್ಮ ಕಥೆಯಲ್ಲೂ ಅಂಥ ಒಬ್ಬರು ಇರಲಿ. ಗೂನಗಳು ನಡುಹಗಲಲ್ಲೇ ಬಂಡೆಗೆ ಮುತ್ತಿಕೊಂಡಿದ್ದನ್ನು ನೋಡಿದ ಹೊರೆಯಾಳು, ವಿಜ್ಞಾನಿ ಅಲ್ಲ.

ತಡೆಯುವವರು ಮಾತ್ರ ಸಾಮಾನ್ಯವಾಗಿ ಮನುಷ್ಯರನ್ನು ತಡೆಯುತ್ತಾರೆ. 1969ರಲ್ಲಿ ಚಂದ್ರನಿಂದ ಬಂದ ಅಪೊಲೊ 11ರ ಯಾತ್ರಿಗಳನ್ನು 21 ದಿನ ಪ್ರತ್ಯೇಕವಾಗಿ ಇಟ್ಟರು. ಅಪೊಲೊ 14ರ ನಂತರ ಆ ಪದ್ಧತಿ ಬಿಟ್ಟರು. 21 ದಿನ ಅನ್ನುವುದು ಬಹಳಷ್ಟು ಸೋಂಕುಗಳಿಗೆ ಸಾಕು. ಒಂದು ವರ್ಷ ಒಳಗಿರುವ ನಾರುಹುಳುವಿಗೆ ಯಾವ ಲೆಕ್ಕಕ್ಕೂ ಇಲ್ಲ. ನಿಮ್ಮ ಕಥೆಯಲ್ಲಿ ಪ್ರಯಾಣ ಎಷ್ಟು ದಿನ, ದಿಗ್ಬಂಧನ ಎಷ್ಟು ದಿನ ಅಂತ ಮೊದಲು ಬರೆದುಕೊಂಡು, ರೋಗ ಕಾಣಿಸಿಕೊಳ್ಳುವ ಅವಧಿಯನ್ನು ಅದಕ್ಕೆ ಹೊಂದಿಸಿ. ನೂಲಿಯ ವಿಷಯದಲ್ಲಿ ಇನ್ನೂ ಸುಲಭ. ಜನರನ್ನು ಬಾಗಿಲಲ್ಲಿ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಹಿಂದಿನ ಗೇಟಿನಿಂದ ಉಪ್ಪಿನ ಮೂಟೆ ಹೋಗುತ್ತಿರುತ್ತದೆ.

ಹೆಜ್ಜೆ 11: ಎಲ್ಲಿ ಕತ್ತರಿಸಬಹುದು

ಕೊನೆಗೆ ಮದ್ದು. ಕಥೆಯ ಕೊನೆಯ ಪುಟದಲ್ಲಿ ಲಸಿಕೆ ಕಂಡುಹಿಡಿಯುವುದು ಸೋಮಾರಿ ದಾರಿ. ನಾರುಹುಣ್ಣಿಗೆ ಲಸಿಕೆ ಇಲ್ಲ, ಕೊಲ್ಲುವ ಔಷಧಿಯೂ ಇಲ್ಲ. ಹುಳುವನ್ನು ಇಂದಿಗೂ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊರಗೆಳೆಯುತ್ತಾರೆ. ಆದರೂ ಭಾರತದಲ್ಲಿ 1996ರ ನಂತರ ಒಂದು ಪ್ರಕರಣವೂ ಇಲ್ಲ, 2000ದಲ್ಲಿ ದೇಶ ಮುಕ್ತವೆಂದು ಘೋಷಣೆಯಾಯಿತು. ಆಗಿದ್ದು ಹೀಗೆ: ನೀರನ್ನು ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲು ಬಾವಿಗಳಿಗೆ ಕಾಲಿಡದಂತೆ ಮಾಡಿದರು, ಸೇದುವ ಬಾವಿ, ಕೊಳವೆ ಬಾವಿ ಕೊಟ್ಟರು, ನೀರಿಗೆ ಔಷಧಿ ಹಾಕಿ ಸೈಕ್ಲಾಪ್ಸ್ ಕೊಂದರು. ಹುಳುವನ್ನು ಮದ್ದು ಹಾಕಿ ಕೊಲ್ಲಲಿಲ್ಲ, ಅದರ ಸುತ್ತಿನಲ್ಲಿ ಒಂದು ಕೊಂಡಿ ಕಳಚಿದರು.

ನೂಲಿಯ ಕೊಂಡಿಯನ್ನು ಹೆಜ್ಜೆ 4ರಲ್ಲೇ ಇಟ್ಟಿದ್ದೇವೆ: ಎದ್ದ ಮೊಟ್ಟೆ ಮತ್ತೆ ಮಲಗದು. ವಸಾಹತಿನ ಅಡುಗೆಯವಳು ಕೊಳೆ ತೆಗೆಯಲೆಂದು ಕಲ್ಲುಪ್ಪನ್ನು ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸುತ್ತಾಳೆ. ಬೆಚ್ಚಗೆ, ಒದ್ದೆ, ಉಪ್ಪು. ಮೊಟ್ಟೆಗಳು ಮೋಸ ಹೋಗಿ ಒಡೆಯುತ್ತವೆ, ಮರಿಗಳು ಬಟ್ಟೆಯಲ್ಲಿ ಉಳಿಯುತ್ತವೆ. ಅವಳ ಅಡುಗೆಮನೆಯಲ್ಲಿ ಉಂಡವರಿಗೆ ಮಾತ್ರ ರೋಗ ಬಂದಿಲ್ಲ.

ಎರಡನೇ ಭಾಗ ಬರೆಯುವ ಆಸೆ ಇದ್ದರೆ ಇನ್ನೊಂದು ಎಳೆ ಬಿಡಿ. ವೈವಾಕ್ಸ್ ಮಲೇರಿಯಾದ ಪರಾವಲಂಬಿಗಳಲ್ಲಿ ಕೆಲವು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿ, ತಿಂಗಳುಗಳ ಮೇಲೆ ಏಳುತ್ತವೆ. ನೂಲಿಯ ಮೊಟ್ಟೆಗಳಲ್ಲೂ ನೂರಕ್ಕೆ ಒಂದೋ ಎರಡೋ ಮೊದಲ ಸಲ ಒದ್ದೆಯಾದಾಗ ಏಳದೆ, ಎರಡನೇ ಸಲಕ್ಕೆ ಕಾಯುವಂಥವು ಇರಲಿ. ಅವು ಬಟ್ಟೆಯ ಎಳೆಗಳ ನಡುವೆ ನುಸುಳುವಷ್ಟು ಸಣ್ಣವಾಗಿರಲಿ. ಅಡುಗೆಯವಳು ಸೋಸಿದ ಉಪ್ಪನ್ನು ಒಣಗಿಸಿ ಮೂಟೆ ಕಟ್ಟಿ ಪಕ್ಕದ ವಸಾಹತಿಗೆ ಕಳಿಸುತ್ತಾಳೆ. ಈ ಸಲ ಮೂಟೆಯ ಮೇಲೆ "ಶುದ್ಧ" ಅಂತ ಮುದ್ರೆಯೂ ಇರುತ್ತದೆ.